ಪ್ರೇಮಕುಮಾರ ಹೇಳುವ ಬೆಲೆ

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಪ್ರೇಮಕುಮಾರ ಒಂದು ಕಿಲೊ ಕೂಡ ಹೆಚ್ಚುಕಡಿಮೆ ಹೇಳುವವನಲ್ಲ. ಆದರೆ ಕ್ರಿಸ್‌ಮಸ್ ಬಂತೆಂದರೆ ಅವನ ಬಾಯಿಂದ ನಿಜವಾದ ಬೆಲೆ ಹೊರಡುವುದಿಲ್ಲ. "ಈ ವರ್ಷ ಐದುನೂರು ದಾಟೂದಿಲ್ಲ" ಎಂದು ಆಣೆ ಮಾಡಿ ಮಹಾಲಿಂಗಪುರದ ಪೇಟೆಗೆ ಹೋದವನು, ಮಗಳಿಗೆಂದು ಎರಡು ಸಾವಿರದ ಹಾಡುವ ಗೊಂಬೆ ಹೊತ್ತು ಬರುತ್ತಾನೆ. ಹೆಂಡತಿ ಪ್ರತಿಮಾಳಿಗೆ ಅರ್ಧ ಬೆಲೆ ಹೇಳುತ್ತಾನೆ, ಗೆಳೆಯರಿಗೆ ದುಪ್ಪಟ್ಟು. "ಮುಂದಿನ ವರ್ಷ ಅಂಗಡೀನ ಹೊತ್ಕೊಂಡ ಬರ್‍ರಿ" ಎಂದು ಪ್ರತಿಮಾ ಗೊಣಗುತ್ತಿದ್ದರೆ, ಇವನು ಮಗಳಿಗಿಂತ ಮೊದಲು ತಾನೇ ಗುಂಡಿ ಒತ್ತಿ ಗೊಂಬೆಯನ್ನು ಹಾಡಿಸುತ್ತಿರುತ್ತಾನೆ. ಈ ಸಲ ತಾಯಿ ಅನ್ನವ್ವ ಕೇಳಿದಳು, "ಎಷ್ಟ ಕೊಟ್ಟಿಪಾ ಇದಕ್ಕ?" ಅವನ ಐದನೆಯ ವರ್ಷದ ಕ್ರಿಸ್‌ಮಸ್‌ಗೆ, ತನಗಿದ್ದ ಒಂದೇ ಇಳಕಲ್ ಸೀರೆಯ ಸೆರಗು ಕತ್ತರಿಸಿ ಬಟ್ಟೆಯ ಕುದುರೆ ಹೊಲಿದುಕೊಟ್ಟವಳು ಅವಳು. ಪ್ರೇಮಕುಮಾರ ಗೊಂಬೆಯ ಹಾಡು ನಿಲ್ಲಿಸಿ ಹೇಳಿದ, "ನಿನ್ನ ಕುದರಿಗಿಂತ ಭಾಳ ಸೋವಿ ಐತಿ ಬೇ."