ಒಂದು ಹಾಲ್, ಐವರು ಶಾರದೆಯರು

ಮನೆಗೆಲಸದಲ್ಲಿ ನಾನೂ ಕೈಜೋಡಿಸುವವನೇ ಎಂದು ಬಹಳ ವರ್ಷ ನಂಬಿದ್ದೆ. ಕೇಳದವರಿಗೂ ಹೇಳಿಕೊಂಡಿದ್ದೆ. ಆ ನಂಬಿಕೆ ವಿಜಯವಾಡದಲ್ಲಿ, ಒಂದು ಕಂಪ್ಯೂಟರಿನ ಮುಂದೆ, ಹಾಡಹಗಲೇ ಪ್ರಾಣ ಬಿಟ್ಟಿತು.

ತೊಂಬತ್ತರ ದಶಕದ ಕೊನೆಯ ಮಾತು. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ವಿಶಾಖಪಟ್ಟಣಕ್ಕೆ ಹಾಕಿದ್ದರು. ದ್ವಾರಕಾ ನಗರದಲ್ಲಿ ಬಾಡಿಗೆ ಮನೆ. ನನ್ನ ಹೆಂಡತಿ ಶಾರದಾಳ ಅಕ್ಕನನ್ನು ವಿಜಯವಾಡದ ತೆಲುಗರ ಮನೆಗೆ ಕೊಟ್ಟಿತ್ತು. ಅಕ್ಕನ ಮಗ ಮಧು ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಸುತ್ತಲೂ ತಿರುಗಿಸಿ, ತೆಗೆದ ಫೋಟೋಗಳನ್ನು ಒಂದಕ್ಕೊಂದು ಹೊಂದಿಸಿ, ಕಂಪ್ಯೂಟರಿನೊಳಗೆ ಉದ್ದ, ಅಗಲ, ಎತ್ತರವಿರುವ ಕೋಣೆಯನ್ನೇ ಕಟ್ಟುವ ಹುಚ್ಚು ಅವನಿಗೆ.

ಒಂದು ಭಾನುವಾರ ವಿಶಾಖಪಟ್ಟಣಕ್ಕೆ ಬಂದವನು ನಮ್ಮ ಮನೆಯ ಹಾಲ್‌ನ ನಡುವೆ ಸ್ಟ್ಯಾಂಡ್ ನಿಲ್ಲಿಸಿದ. "ಯಾರೂ ಕದಲಬ್ಯಾಡ್ರಿ ಅಂಡಿ," ಎಂದು ತೆಲುಗಿನ ಮರ್ಯಾದೆಯನ್ನೂ ಬೆರೆಸಿ ಹೇಳಿದ. ಸುತ್ತು ಮುಗಿಯಲು ಒಂದು ಗಂಟೆ ಹಿಡಿಯಿತು. ನಾನು ಪೇಪರ್ ಹಿಡಿದು ಕುರ್ಚಿಯಲ್ಲಿ ಶಿಲೆಯಂತೆ ಕೂತಿದ್ದೆ. ವಿಜ್ಞಾನಕ್ಕೆ ನನ್ನ ಸೇವೆ!

ಮೂರು ತಿಂಗಳ ಮೇಲೆ ನಾವಿಬ್ಬರೂ ವಿಜಯವಾಡದ ಅಕ್ಕನ ಮನೆಗೆ ಹೋದಾಗ ಮಧು ಕಂಪ್ಯೂಟರಿನಲ್ಲಿ ನಮ್ಮ ಹಾಲ್ ತೆರೆದು ತೋರಿಸಿದ. ಮೌಸ್ ಸರಿಸಿದರೆ ಗೋಡೆಗಳು ತಿರುಗುತ್ತಿದ್ದವು. ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ಶಾರದಾ. ಕಿಟಕಿಯ ಬಳಿ ಬಟ್ಟೆ ಮಡಿಚುತ್ತಾ ಶಾರದಾ. ದೇವರ ಗೂಡಿನೆದುರು, ಕಸಬರಿಗೆಯ ಹಿಂದೆ, ನನಗೆ ಚಹಾ ಕೊಡುತ್ತಾ — ಒಟ್ಟು ಐವರು. ನಾನು ಒಬ್ಬನೇ, ಅದೇ ಕುರ್ಚಿಯಲ್ಲಿ.

"ಸಾರೀ ಬಾಬಾಯ್, ಕ್ಯಾಮೆರಾ ತಿರುಗಿದಾಗೆಲ್ಲ ಪಿನ್ನಿ ಬೇರೆ ಕಡೆ ಇದ್ರು," ಎಂದು ಮಧು ಚಿಕ್ಕಮ್ಮನ ಪರವಾಗಿ ಚಿಕ್ಕಪ್ಪನಾದ ನನ್ನ ಕ್ಷಮೆ ಕೇಳಿದ. "ತಪ್ಪು ಅದು. ಅಳಿಸಿಬಿಡ್ತೀನಿ."

"ಬ್ಯಾಡ," ಎಂದೆ.

ಶಾರದಾ ಪರದೆಯ ಹತ್ತಿರ ಬಗ್ಗಿ, ಐವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಒಂದರಾಗೂ ನಾ ಕೂತೇ ಇಲ್ಲಲ್ರೀ," ಎಂದಳು ಮೆಲ್ಲಗೆ.

ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಎದ್ದು, ನಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆ ತಳ್ಳಿದೆ. ಕೂತಳು.

"ಮಧು, ಈಗ ಒಂದು ಫೋಟೋ ತಗೀಪಾ," ಎಂದಳು.

ಕ್ಯಾಮೆರಾದಲ್ಲಿ ರೀಲ್ ಇರಲಿಲ್ಲ. ಅವನು ಅಂಗಡಿಗೆ ಓಡಿದ. ಅವನು ಬರುವ ತನಕ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಅಂದಿನ ಚಹಾ ನಾನೇ ಮಾಡಿದೆ. ಉಪ್ಪು ಯಾವುದು, ಸಕ್ಕರೆ ಯಾವುದು ಎಂಬುದನ್ನು ಮಾತ್ರ ಅವಳು ಕೂತಲ್ಲಿಂದಲೇ ಕೂಗಿ ಹೇಳಬೇಕಾಯಿತು.