ತಡವಾಗಿ ಬಂದ ಗೌರಿ

ಚೈತ್ರದ ಗೌರಿ ನಮ್ಮ ಮನೆಯಲ್ಲಿ ಒಂದು ತಿಂಗಳು ಇರುತ್ತಾಳೆ. ಯುಗಾದಿಯ ಮೂರನೆಯ ದಿನ ಹಿತ್ತಾಳೆಯ ಪುಟ್ಟ ಜೋಕಾಲಿಯಲ್ಲಿ ಕೂಡಿಸಿದರೆ ಅಕ್ಷಯ ತೃತೀಯಾದವರೆಗೆ ಅವಳ ವಾಸ ಅಲ್ಲಿಯೇ. ಗಂಡನ ಮನೆಯಿಂದ ತವರಿಗೆ ಬಂದ ಮಗಳು ಅವಳು. ಆದ್ದರಿಂದ ವರ ಬೇಡುವುದು, ಹರಕೆ ಹೊರುವುದು ಏನೂ ಇಲ್ಲ. ಪಾನಕ ಕುಡಿಸಬೇಕು, ಮಾವಿನಕಾಯಿ ಹೆರೆದು ಹಾಕಿದ ಕೋಸಂಬರಿ ಮಾಡಬೇಕು, ದಿನಾ ಸಂಜೆ ತೂಗಬೇಕು. ನಡುವೆ ಒಂದು ಶುಕ್ರವಾರ ಬಿಲ್ಡಿಂಗಿನ ಹೆಂಗಸರನ್ನು ಅರಿಷಿಣ ಕುಂಕುಮಕ್ಕೆ ಕರೆದು ನೆನೆಸಿದ ಕಡಲೆಯಿಂದ ಉಡಿ ತುಂಬಿದರೆ ಮುಗಿಯಿತು. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಠಾಣೆಯ ಕೋಪರಿಗೆ ಬಂದಾಗ ಅವ್ವ ಟ್ರಂಕಿನ ತಳದಲ್ಲಿ ಸೀರೆ ಸುತ್ತಿ ಇಟ್ಟುಕೊಟ್ಟ ಮೂರ್ತಿ ಅದು.

ಗೌರಿಯ ಮುಂದೆ ಒಂದು ತೋಟ ಇಡುವುದು ನಮ್ಮಲ್ಲಿ ವಾಡಿಕೆ. ಆ ತೋಟ ನನ್ನ ಒಬ್ಬಳೇ ಮಗಳ ಪಾಲಿನ ಕೆಲಸ. ಫ್ರಾಕು ತೊಡುವ ವಯಸ್ಸಿನಿಂದಲೂ ಅವಳು ಹಳೆಯ ಲಗ್ನಪತ್ರಿಕೆ ಕತ್ತರಿಸಿ ಹೂವು ಮಾಡುತ್ತಿದ್ದಳು, ಪಿಸ್ತಾ ಸಿಪ್ಪೆಗೆ ಬಣ್ಣ ಬಳಿದು ಕಮಲ ಮಾಡುತ್ತಿದ್ದಳು. ಬೆಂಕಿಪೆಟ್ಟಿಗೆಗಳನ್ನು ಅಂಟಿಸಿ ಲೋಕಲ್ ಟ್ರೇನ್ ಮಾಡಿ ತೋಟದ ಅಂಚಿಗೆ ನಿಲ್ಲಿಸುತ್ತಿದ್ದಳು. ಇಲ್ಲದಿದ್ದರೆ ಗೌರಿ ಕೈಲಾಸದಿಂದ ಹೇಗೆ ಬರಬೇಕು ಎಂದು ಅವಳ ವಾದ. ಮದುವೆಯಾಗಿ ಐರೋಲಿಗೆ ಹೋದ ಮೇಲೂ ಇದು ತಪ್ಪಲಿಲ್ಲ. ಅವಳ ಮಗಳ ಪರೀಕ್ಷೆ ಮುಗಿದ ದಿನವೇ ಇಬ್ಬರೂ ಬಂದುಬಿಡುತ್ತಿದ್ದರು. ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲಿಟ್ಟಲ್ಲಿ ಗೋಂದು, ಕಾಗದದ ಚೂರು. ನಾನು ಬಯ್ಯುತ್ತಿದ್ದೆ. ನನ್ನ ಬಯ್ಗುಳಕ್ಕೆ ಆ ಮನೆಯಲ್ಲಿ ಯಾರೂ ಸೊಪ್ಪು ಹಾಕುತ್ತಿರಲಿಲ್ಲ.

ಅಕ್ಷಯ ತೃತೀಯಾದಂದು ಗೌರಿಯನ್ನು ಕಳಿಸುವಾಗ ದಾರಿಗೆಂದು ಮೊಸರನ್ನದ ಬುತ್ತಿ ಕಟ್ಟಬೇಕು. ಮೂರ್ತಿಯೇನೋ ಜೋಕಾಲಿಯಿಂದ ಇಳಿದು ದೇವರ ಗೂಡಿಗೆ ಹೋಗುತ್ತದೆ, ಬುತ್ತಿ ತಿನ್ನುವವರು ಯಾರು? ಅದು ಮಗಳ ಚೀಲ ಸೇರುತ್ತಿತ್ತು. ಅವಳು ಗಂಡನ ಮನೆಗೆ ಹೊರಡುವುದೂ ಅಂದೇ. ಠಾಣೆಯಲ್ಲಿ ವಾಶಿಯ ಗಾಡಿ ಹತ್ತಿ ಸರಿಯಾಗಿ ಕೂಡುವುದರೊಳಗೆ ಐರೋಲಿ ಬರುತ್ತದೆ; ಅಷ್ಟರಲ್ಲಿ ತಾಯಿ ಮಗಳು ಡಬ್ಬಿ ಖಾಲಿ ಮಾಡಿರುತ್ತಿದ್ದರು. ಮನೆ ಸೇರಿ ಚಪ್ಪಲಿ ಬಿಡುತ್ತಲೇ, ಮುಟ್ಟಿದೆವೆಂದು ಫೋನು.

“ಅವ್ವಾ, ಗೌರಿ ಮುಟ್ಟಿದ್ಲು ನೋಡು.”

“ಬುತ್ತಿ?”

“ಅದು ಹೊಟ್ಟಿಗೆ ಮುಟ್ಟೇದ.”

ಪ್ರತಿ ವರ್ಷ ಇದೇ ಮಾತು, ಪ್ರತಿ ವರ್ಷ ನಗು. ಅಷ್ಟು ಕೇಳಿದ ಮೇಲೆಯೇ ನಾನು ಜೋಕಾಲಿ ತಿಕ್ಕಿ ಒಳಗಿಡುತ್ತಿದ್ದೆ.

ಕಳೆದ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡ ಜ್ವರ ಅವಳನ್ನೇ ತೆಗೆದುಕೊಂಡು ಹೋಯಿತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಯುಗಾದಿ ಹತ್ತಿರ ಬಂದಾಗ ನೌಪಾಡಾದಿಂದ ನನ್ನ ಗಂಡನ ಅಕ್ಕ ಬಂದರು. ವಯಸ್ಸಾದವರು, ಶಾಸ್ತ್ರ ಬಲ್ಲವರು, ಕೆಟ್ಟವರಲ್ಲ. ನನ್ನ ಕೈ ಹಿಡಿದುಕೊಂಡು ಸಮಾಧಾನದ ದನಿಯಲ್ಲಿಯೇ ಹೇಳಿದರು. “ನೋಡವಾ, ಲಗ್ನ ಆದಮ್ಯಾಲೆ ಆಕಿ ಗೋತ್ರ ಬ್ಯಾರೆ. ತಾಯಿ ತಂದಿಗೆ ಸೂತಕ ಮೂರ ದಿನದ್ದು, ಅದು ಆವಾಗಲೇ ಮುಗದದ. ವರ್ಷಾನಗಟ್ಟಲೆ ಹಬ್ಬ ಬಿಡೋದು ಅವರ ಮನಿಗೆ, ನಿಮಗಲ್ಲ. ಈ ಸಲಾನೂ ಗೌರಿ ಕೂಡಸು. ಮನಸ್ಸಿಗೆ ಹಗೂರ ಅನಸ್ತದ.”

ಮೂರು ದಿನ. ಹೊತ್ತು, ಹೆತ್ತು, ತಲೆ ಬಾಚಿ, ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಕೈ ಬಿಡದೆ ಹಿಡಿದು ಬೆಳೆಸಿದವಳಿಗೆ ಮೂರು ದಿನ ಅಳುವ ಹಕ್ಕು. ಅವಳ ಅತ್ತೆಗೆ ಒಂದು ವರ್ಷ. ನನಗೆ ಮೈಯೆಲ್ಲ ಉರಿದುಹೋಯಿತು.

“ಶಾಸ್ತ್ರ ಬರೆದಾವ ಗಂಡಸು ಇದ್ದಿರಬೇಕ್ರಿ” ಎಂದೆ. “ನಾ ಕೂಡಸಂಗಿಲ್ಲ. ನನ್ನ ಮಗಳಿಗೆ ನಾನೂ ಒಂದು ವರ್ಷ ಹಿಡೀತೀನಿ. ಯಾರು ಏನಂತಾರ ಅನ್ನಲಿ.”

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನನ್ನ ಗಂಡ ಪೇಪರಿನ ಹಿಂದೆ ಕೂತಿದ್ದರು. ಅಕ್ಕನನ್ನು ಬಾಗಿಲವರೆಗೆ ಕಳಿಸಲೂ ಅದನ್ನು ಕೆಳಗಿಳಿಸಲಿಲ್ಲ.

ಯುಗಾದಿ ಹೋಯಿತು, ತದಿಗೆಯೂ ಹೋಯಿತು. ಜೋಕಾಲಿ ಅಟ್ಟದ ಮೇಲೆಯೇ ಉಳಿಯಿತು. ಮಾರ್ಕೆಟ್ಟಿನಲ್ಲಿ ಮಾವಿನಕಾಯಿಯ ಗುಡ್ಡೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದೆ. ಎದುರುಮನೆಯವರ ಬಾಗಿಲ ಮುಂದೆ ದಿನಾ ರಂಗೋಲಿ; ಅವರಿಗೇನು ಗೊತ್ತು ಎಂದು ಅದರ ಮೇಲೂ ಸಿಟ್ಟು. ನನ್ನ ಹಟವನ್ನು ನಾನು ಶೋಕ ಎಂದು ಕರೆಯುತ್ತಿದ್ದೆ. ಅಷ್ಟಾದರೂ ನನ್ನದು ಎಂಬುದು ನನಗೆ ಬೇಕಿತ್ತು.

ಆಮೇಲೆ ಅಳಿಯನ ಫೋನ್ ಬಂತು. ಮಗುವಿನ ಪರೀಕ್ಷೆ ಮುಗಿದಿತ್ತು.

“ಕಳಸಲ್ರಿ? ನಮ್ಮನ್ಯಾಗ ಈ ವರ್ಷ ಏನೂ ಇಲ್ಲ ನೋಡ್ರಿ. ಹೋಳಿ ಹುಣ್ಣಿಮಿಗೆ ಬಣ್ಣ ಇಲ್ಲ, ಎಣ್ಣ್ಯಾಗ ಕರದದ್ದಿಲ್ಲ, ತೋರಣ ಕಟ್ಟಿಲ್ಲ. ನಮ್ಮವ್ವ ಕಟ್ಟುನಿಟ್ಟಾಗಿ ಹಿಡದಾಳ. ಕೂಸು ಮಾತ್ರ ತಿಂಗಳಿಂದ ಪೆಟಿಗಿ ತುಂಬ ಏನೇನೋ ಮಾಡಿ ಇಟ್ಟದ, ಅಜ್ಜಿ ಮನಿ ಗೌರಿಗೆ ಅಂತ.”

ಗೌರಿಯೇ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕಳಿಸಪ್ಪಾ ಎಂದೆ.

ಭಾನುವಾರ ಬಂದಳು. ಎಂಟು ವರ್ಷದ ಹುಡುಗಿ, ಬೂಟಿನ ದೊಡ್ಡ ಪೆಟ್ಟಿಗೆಯೊಂದನ್ನು ಎದೆಗೆ ಅವುಚಿಕೊಂಡಿದ್ದಳು. ಗಾಡಿಯಲ್ಲಿ ಅಪ್ಪನ ಕೈಗೂ ಕೊಟ್ಟಿರಲಿಲ್ಲವಂತೆ. ನಾವು ಕನ್ನಡದಲ್ಲಿ ಮಾತಾಡಿದರೆ ಅವಳಿಗೆಲ್ಲ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ಮರಾಠಿಯಲ್ಲಿ, ಇಲ್ಲವೇ ಹಿಂದಿಯಲ್ಲಿ. ಚಪ್ಪಲಿ ಬಿಟ್ಟವಳೇ ದೇವರ ಮೂಲೆಗೆ ಹೋಗಿ ನಿಂತಳು. ಖಾಲಿ ಮಣೆ. ನನ್ನ ಮುಖ ನೋಡಿದಳು.

“ಅಜ್ಜೀ, ಗೌರಿ ಅಜೂನ್ ಆಲೀ ನಾಹೀ?”

ಇನ್ನೂ ಬಂದಿಲ್ಲವೇ ಎಂದು ಕೇಳುತ್ತಿದ್ದಳು. ಅಳಿಯ ಗೋಡೆಗೆ ತೂಗಿದ ಕ್ಯಾಲೆಂಡರು ನೋಡತೊಡಗಿದ. ನನ್ನ ಗಂಡ ಕನ್ನಡಕ ಒರೆಸಿಕೊಳ್ಳತೊಡಗಿದರು. ಅವಳೇ ಸ್ವಲ್ಪ ಯೋಚಿಸಿ ನನ್ನನ್ನು ಪಾರುಮಾಡಿದಳು.

“ಮೆಗಾಬ್ಲಾಕ್ ಹೈ ಕ್ಯಾ? ಆಜ್ ಸಂಡೇ ಹೈ ನಾ.”

ರವಿವಾರ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವ ಆ ಮೆಗಾಬ್ಲಾಕಿನ ನೆಪವನ್ನು ನಾವು ಠಾಣೆಯವರು ತಡವಾದದ್ದಕ್ಕೆಲ್ಲ ಹೇಳುತ್ತೇವೆ. ದೇವರಿಗೆ ಹೇಳಿದ್ದು ಅಂದೇ ಮೊದಲು. “ಹೂಂ ಚಿನ್ನಾ, ಮೆಗಾಬ್ಲಾಕ್ ಇತ್ತು. ಇನ್ನೇನು ಬರ್ತಾಳ” ಎಂದೆ. ನನ್ನ ಗಂಡ ಸ್ಟೂಲು ಎಳೆದು ಅಟ್ಟದಿಂದ ಜೋಕಾಲಿ ಇಳಿಸಿದರು. ಹುಣಸೆಹಣ್ಣು ಹಾಕಿ ತಿಕ್ಕುವಾಗ ನನ್ನ ಕಣ್ಣೀರು ಆ ನೀರಿನಲ್ಲಿಯೇ ಹೋಯಿತು. ಪಂಚಾಂಗದ ಹೊತ್ತು ಎಂದೋ ಮೀರಿತ್ತು. ಈ ವರ್ಷ ನಮ್ಮ ಗೌರಿ ಹುಣ್ಣಿಮೆ ಕಳೆದ ಮೇಲೆ ಬಂದಳು.

ಮಗು ಪೆಟ್ಟಿಗೆ ಬಿಚ್ಚಿತು. ಲಗ್ನಪತ್ರಿಕೆಯ ಹೂವು, ಪಿಸ್ತಾ ಸಿಪ್ಪೆಯ ಕಮಲ, ಬೆಂಕಿಪೆಟ್ಟಿಗೆಯ ಲೋಕಲ್. ಎಲ್ಲ ತಾಯಿ ಕಲಿಸಿದ್ದೇ. ಎಲ್ಲ ಸ್ವಲ್ಪ ಸೊಟ್ಟ, ಏಕೆಂದರೆ ಈ ಸಲ ಕತ್ತರಿ ಹಿಡಿದದ್ದು ಅವಳೊಬ್ಬಳೇ. ಹೊಸದಾಗಿ ಐಸ್‌ಕ್ರೀಮ್ ಕಡ್ಡಿಗಳಿಂದ ಹೆಂಗಸರನ್ನು ಮಾಡಿದ್ದಳು. ಅರಿಷಿಣ ಕುಂಕುಮಕ್ಕೆ ಬಂದವರಂತೆ. ಬಟ್ಟೆಯ ಚೂರಿನ ಸೀರೆ, ಕೆಂಪು ಪೆನ್ನಿನ ಬೊಟ್ಟು. ಅವರನ್ನೆಲ್ಲ ಸಾಲಾಗಿ ಕೂಡಿಸಿ, ಒಬ್ಬಳನ್ನು ಮಾತ್ರ ಜೋಕಾಲಿಯ ಪಕ್ಕಕ್ಕೆ ನಿಲ್ಲಿಸಿದಳು. ತೂಗುವ ದಾರವನ್ನು ಅವಳ ಕೈಗೆ ಕಟ್ಟಿದಳು. ಆ ಗೊಂಬೆಗೆ ಬಾಲ್‌ಪೆನ್ನಿನಲ್ಲಿ ಕನ್ನಡಕ ಬರೆದಿತ್ತು. ನನ್ನ ಮಗಳಿಗೆ ಆರನೆಯ ಇಯತ್ತೆಯಲ್ಲಿ ಓದುವಾಗಿನಿಂದಲೂ ಕನ್ನಡಕ.

ನಾನು ಅಡಿಗೆಮನೆಗೆ ಹೋಗಿ ಕಡಲೆಬೇಳೆ ನೆನೆಹಾಕಿದೆ. ಬೇರೆ ಏನು ಮಾಡಬೇಕಿತ್ತು?

ಮರುದಿನ ಎಣ್ಣೆಯ ಬಾಣಲಿ ಇಟ್ಟೆ. ತಿಂಗಳುಗಳಿಂದ ಆ ಬಾಣಲಿ ಬೋರಲು ಬಿದ್ದಿತ್ತು. ಚಕ್ಕಲಿ ಒತ್ತಿದೆ, ಕರ್ಚಿಕಾಯಿ ಕರಿದೆ. ಮಗು ಪಕ್ಕದಲ್ಲಿ ಕೂತು ಬಿಸಿಬಿಸಿಯಾದುದನ್ನೇ ಎತ್ತಿಕೊಂಡು ಊದಿ ಊದಿ ತಿಂದಿತು. ದೇವರಿಗೆ ಎಡೆ ತೋರಿಸುವ ಮೊದಲು ತಿನ್ನಬಾರದು ಎಂದು ಅವಳ ತಾಯಿಗೆ ಕೈಮೇಲೆ ಹೊಡೆಯುತ್ತಿದ್ದ ನಾನು ಇವಳಿಗೆ ಇನ್ನೆರಡು ಹಾಕಿಕೊಟ್ಟೆ. ಮನೆಯ ತುಂಬ ಹಬ್ಬದ ವಾಸನೆ. ಅದನ್ನು ಸಹಿಸುವುದು ಎಷ್ಟು ಕಷ್ಟವಾಯಿತೆಂದರೆ ನಡುನಡುವೆ ಒಲೆ ಆರಿಸಿ ಹೊರಗಿನ ಗ್ಯಾಲರಿಗೆ ಹೋಗಿ ನಿಂತು ಬರುತ್ತಿದ್ದೆ.

ಶುಕ್ರವಾರ ಹೆಂಗಸರು ಬಂದರು. ಕೆಳಗಿನ ಮನೆಯ ಮಂಗಳೂರು ಕಡೆಯ ಹೆಂಗಸು, ಗಂಡ ಹೋಟೆಲಿನಲ್ಲಿ ಕೆಲಸ ಮಾಡುವವರು, ಪಾನಕದ ಲೋಟ ಹಿಡಿದು ನನ್ನನ್ನೇ ನೋಡಿ, “ನೀವು ಒಂದು ತುತ್ತಾದರೂ ತಿಂದಿರಾ ಮಾರಾಯ್ರೆ?” ಎಂದರು. ಇನ್ನೊಬ್ಬರು ಮೂಲೆಯಲ್ಲಿ, ಮಗಳು ಹೋಗಿ ವರ್ಷವಾಗಿಲ್ಲ, ಹೇಗೆ ಕರಿದಳೋ ಎಂದು ಪಿಸುಗುಟ್ಟಿದ್ದು ಕೇಳಿಸಿತು. ನೌಪಾಡಾದ ಅತ್ತಿಗೆಯೂ ಬಂದಿದ್ದರು; ಅವರು ಕೂಡಲೇ ಶಾಸ್ತ್ರ ವಿವರಿಸಿ ಆ ಹೆಂಗಸಿನ ಬಾಯಿ ಮುಚ್ಚಿಸಿದರು. ಆ ಪಿಸುಮಾತೂ ನನಗೆ ಬೇಡವಾಗಿತ್ತು, ಆ ವಕಾಲತ್ತೂ ಬೇಡವಾಗಿತ್ತು. ಉಡಿ ತುಂಬುತ್ತ ಹೋದೆ. ಮಗು ಬಂದವರಿಗೆಲ್ಲ ತನ್ನ ಟ್ರೇನು ತೋರಿಸಿತು. ಕನ್ನಡಕದ ಗೊಂಬೆಯನ್ನು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು.

ಅಕ್ಷಯ ತೃತೀಯಾದ ದಿನ ಮೊಸರನ್ನ ಕಲಸಿದೆ. ಸಂಜೆ ಅಳಿಯ ಕರೆದೊಯ್ಯಲು ಬಂದ. ಆರತಿ ಮಾಡಿ ಗೌರಿಯನ್ನು ಇಳಿಸಿದೆವು. ಬುತ್ತಿಯ ಡಬ್ಬಿಯನ್ನು ಮಗುವಿನ ಚೀಲಕ್ಕೆ ಹಾಕಿದೆ. ಅವಳು ತೋಟವನ್ನು ಒಂದೊಂದಾಗಿ ಬೂಟಿನ ಪೆಟ್ಟಿಗೆಯಲ್ಲಿ ಜೋಡಿಸತೊಡಗಿದಳು. ಹೂವು, ಕಮಲ, ಟ್ರೇನು, ಸಾಲಾಗಿ ಕೂತಿದ್ದ ಹೆಂಗಸರು. ಮುಚ್ಚಳ ಹಾಕಿದಳು. ಕನ್ನಡಕದ ಗೊಂಬೆ ಖಾಲಿ ಜೋಕಾಲಿಯ ಪಕ್ಕದಲ್ಲಿ ದಾರ ಹಿಡಿದುಕೊಂಡು ನಿಂತೇ ಇತ್ತು.

“ಇದು ಉಳೀತಲ್ಲವಾ” ಎಂದು ಎತ್ತಿ ಕೊಡಲು ಹೋದೆ.

ಅವಳು ನನ್ನ ಕೈ ಹಿಡಿದಳು. “ನಕೋ ಅಜ್ಜೀ. ಮಮ್ಮಿ ಇಥೇಚ್ ರಾಹೀಲ್.”

ಮಮ್ಮಿ ಇಲ್ಲಿಯೇ ಇರುತ್ತಾಳೆ ಎಂದಳು. ಬೇಡವಾದುದನ್ನು ಬಿಟ್ಟು ಹೋಗುವ ದನಿ ಅದಲ್ಲ, ಬಹಳ ದಿನ ಯೋಚಿಸಿ ಇಟ್ಟುಕೊಂಡಿದ್ದ ಮಾತಿನಂತಿತ್ತು. ಆಮೇಲೆ ಅಪ್ಪನಿಗೆ ಕೇಳಿಸದಂತೆ ನನ್ನ ಕಿವಿಗೆ ಬಾಯಿಯಿಟ್ಟು ಹಿಂದಿಯಲ್ಲಿ ಅಂದಳು, “ತೇರೇ ಪಾಸ್ ತೋ ಕೋಯೀ ನಹೀ ಹೈ ನಾ.”

ನಿನ್ನ ಹತ್ತಿರ ಯಾರೂ ಇಲ್ಲವಲ್ಲ. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಇಷ್ಟು ತಿಂಗಳು ಅವಳೆದುರು ಅಳಬಾರದೆಂದು ತಡೆದುಕೊಂಡದ್ದೆಲ್ಲ ಕಟ್ಟೆಯೊಡೆದು ಬಂತು. ಅವಳೂ ಅತ್ತಳು. ಅಳಿಯ ಬಾಗಿಲಲ್ಲಿ ಬೂಟಿನ ಲೇಸು ಕಟ್ಟುತ್ತ ಬಹಳ ಹೊತ್ತು ತಲೆ ಎತ್ತಲಿಲ್ಲ.

ಅವರು ಹೋದ ಮೇಲೆ ಜೋಕಾಲಿ ತಿಕ್ಕದೆ ಫೋನಿನ ಹತ್ತಿರ ಕೂತಿದ್ದೆ. ಕತ್ತಲಾಗುವಾಗ ಅದು ರಿಂಗಾಯಿತು. ಅಳಿಯನೇ ಮಾತಾಡಿದ. ಮನೆ ಸೇರಿದೆವು, ಕೂಸು ಗಾಡಿಯಲ್ಲಿ ಬುತ್ತಿ ತಿಂದು ಹಾಗೇ ಮಲಗಿಬಿಟ್ಟಿತು ಎಂದ. ನಾನು ಇನ್ನೂ ಏನನ್ನೋ ಕಾಯುತ್ತ ಫೋನು ಹಿಡಿದೇ ಇದ್ದೆ. ಅವನಿಗೆ ನಮ್ಮ ತಾಯಿ ಮಗಳ ಮಾತು ಹೇಗೆ ಗೊತ್ತಿರಬೇಕು, ಇಟ್ಟುಬಿಟ್ಟ.

“ಮುಟ್ಟಿದ್ರೇನು?” ಎಂದು ನನ್ನ ಗಂಡ ಒಳಗಿನಿಂದ ಕೇಳಿದರು.

“ಅವರಿಬ್ಬರೂ ಮುಟ್ಟಿದ್ರು” ಎಂದೆ. “ಗೌರಿ ಈ ಸಲ ಹೋಗಿಲ್ಲ.”