ಟ್ರಂಕಿನೊಳಗೆ ಎರಡು ಪ್ರೊಸೆಸರ್

ಮೊನ್ನೆ ರಕ್ತ ಪರೀಕ್ಷೆಗೆ ಹೋಗಿದ್ದೆ. ಅಲ್ಲಿನ ಹುಡುಗಿ ತೋಳಿಗೆ ಸ್ಪಿರಿಟ್ ಹಚ್ಚಿದ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಂಪ್ಯೂಟರ್ ಸರ್ ನೆನಪಾದರು. ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ. ಒಬ್ಬಳೇ ನಗುತ್ತ ಕೂತಿದ್ದ ನನ್ನನ್ನು ನೋಡಿ ಆಕೆ, "ಮೇಡಂ, ತಲಿ ತಿರುಗಾಕತ್ತೈತೇನ್ರಿ?" ಎಂದು ಕೇಳಿದಳು.

ಸರ್ ಸಂಡೂರು ತಾಲ್ಲೂಕಿನ ಚೋರನೂರಿನವರು. ನಾನು ಚಿತ್ತವಾಡ್ಗಿಯವಳು, ಹೊಸಪೇಟೆಯ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಅವರ ಕೈಕೆಳಗೆ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಅಲ್ಲಿದ್ದ ಹನ್ನೆರಡು ಕಂಪ್ಯೂಟರ್‌ಗಳು ಎಷ್ಟು ಹಳೆಯವೆಂದರೆ, ಬೆಳಿಗ್ಗೆ ಬಟನ್ ಒತ್ತಿದರೆ ಚಹಾದ ಹೊತ್ತಿಗೆ ಕಣ್ಣು ಬಿಡುತ್ತಿದ್ದವು. ಕಾಲೇಜಿನ ಅಧ್ಯಕ್ಷರು ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರು. "ಒಂದು ತಿಂಗಳು ನೋಡ್ತೀನಿ. ಇವು ನಡೀಲಿಲ್ಲಂದ್ರ ಈ ರೂಮಿನಾಗ ಅಕ್ಕಿ ಚೀಲ ಇಡಸ್ತೀನಿ" ಎಂದು ಹೇಳಿ ಹೋಗಿದ್ದರು. ಚೀಲ ಬಂದರೆ ನಾವಿಬ್ಬರೂ ಮನೆಗೆ.

ಸರ್ ಹೆದರಲಿಲ್ಲ, ಹೆದರಿದ್ದು ನಾನು. ಅವರ ತಲೆಯಲ್ಲಿ ಒಂದು ಉಪಾಯವಿತ್ತು. ಒಂದೇ ಒಂದು ದೊಡ್ಡ ಯಂತ್ರ, ಅದರ ಮದರ್‌ಬೋರ್ಡಿನ ಮೇಲೆ ಯಂತ್ರದ ಮಿದುಳಿನಂಥ ಎರಡು ಪ್ರೊಸೆಸರ್, ಒಳಗೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ. ದುಡಿಮೆಯೆಲ್ಲ ಅದರದು. ಹಳೆಯ ಹನ್ನೆರಡೂ ಬರೀ ಪರದೆ, ಕೀಲಿಮಣೆಗಳಾಗಿ ಅದಕ್ಕೆ ಜೋತುಬಿದ್ದರೆ ಸಾಕು.

ಬೋರ್ಡ್ ಆರಿಸುವುದರಲ್ಲೇ ಎರಡು ವಾರ ಹೋಯಿತು. ಮಗಳಿಗೆ ಗಂಡು ನೋಡುವವರೂ ಅಷ್ಟು ವಿಚಾರಿಸುವುದಿಲ್ಲ. ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಗಳಿಗೆ ಫೋನ್ ಹಚ್ಚುವುದು, ಎರಡೂ ಪ್ರೊಸೆಸರ್ ಒಂದೇ ಮಾದರಿಯವೇ ಎಂದು ಕೇಳುವುದು, ನೆಟ್‌ವರ್ಕ್ ಚಿಪ್ಪನ್ನು ಲಿನಕ್ಸ್ ಗುರುತು ಹಿಡಿಯುತ್ತದೆಯೇ, ಎರಡಕ್ಕೂ ಬೇರೆ ಬೇರೆ ಕರೆಂಟಿನ ಪ್ಲಗ್ ಇದೆಯೇ... ಕೊನೆಗೆ ಒಬ್ಬ ಅಂಗಡಿಯವನು ಬೇಸತ್ತು, "ಸಾರ್, ನೀವು ತಗೊಳ್ಳೋದೇ ಬೇಡ, ಫೋನ್ ಮಾಡದಿದ್ರೆ ಸಾಕು" ಅಂದನಂತೆ. ಸರ್ ಅವನ ಹತ್ತಿರವೇ ತರಿಸಿದರು. "ಮನುಷ್ಯಾ ಖರೇ ಮಾತಾಡ್ತಾನ್ರಿ" ಎಂದರು.

ಇಷ್ಟೆಲ್ಲ ಕೇಳಿದ ಸರ್ ಬೋರ್ಡಿನ ಉದ್ದಗಲ ಮಾತ್ರ ಕೇಳಿರಲಿಲ್ಲ. ಅದು ನಮ್ಮ ಯಾವ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೂ ಹಿಡಿಸಲಿಲ್ಲ. ಮರುದಿನ ಸರ್ ತಮ್ಮ ಹೆಂಡತಿಯ ಸೀರೆ ಇಡುವ ಟ್ರಂಕನ್ನು ಬಸ್ಸಿನಲ್ಲಿ ಹೊತ್ತು ತಂದರು. ಸೀರೆಗಳೆಲ್ಲಿ ಹೋದವೋ ನಾನು ಕೇಳಲಿಲ್ಲ. ಚಿತ್ತವಾಡ್ಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಗಾಳಿಯಾಡಲು ತೂತು ಕೊರೆಸಿ, ತಳದಲ್ಲಿ ಹಿತ್ತಾಳೆಯ ಪುಟ್ಟ ಕಾಲುಗಳನ್ನು ಕೂಡಿಸಿ, ಬೋರ್ಡ್ ತಗಡಿಗೆ ತಾಗದಂತೆ ನಿಲ್ಲಿಸಿದರು. ಒಂದು ಪ್ರೊಸೆಸರ್ ಕೂಡಿಸಿ ಲಿನಕ್ಸ್ ಹಾಕಿದ್ದೂ ಆಯಿತು. ಆರು ಕಂಪ್ಯೂಟರ್ ಚೆನ್ನಾಗಿ ನಡೆದವು, ಏಳನೆಯದಕ್ಕೆ ಎಲ್ಲವೂ ಏದುಸಿರು ಬಿಟ್ಟವು.

ಎರಡನೇ ಪ್ರೊಸೆಸರನ್ನು ತಂಪಾಗಿಡುವ ಫ್ಯಾನ್ ಬಂದದ್ದು ಅಧ್ಯಕ್ಷರು ಬರುವ ದಿನ ಬೆಳಿಗ್ಗೆ. "ಒಂದು ನಾ ಕೂಡಸೀನಿ, ಇನ್ನೊಂದು ನೀವು ಕೂಡಸ್ರಿ ಮೇಡಂ" ಎಂದು ಹೇಳಿ ಸರ್ ಚಹಾ ಹೇಳಲು ಹೋದರು. ನನಗೆ ಅಂಥ ಗೌರವ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಹೊಸ ಮಿಕ್ಸಿ ಬಂದರೂ ಕುಂಕುಮ ಹಚ್ಚದೆ ಸ್ವಿಚ್ ಹಾಕುವುದಿಲ್ಲ. ನನ್ನ ಚೀಲದಲ್ಲಿ ಹಂಪಿಯ ವಿರೂಪಾಕ್ಷನ ಗುಡಿಯ ಕುಂಕುಮದ ಪೊಟ್ಟಣವಿತ್ತು. ಸರ್ ಮೊದಲನೆಯದನ್ನು ಹಾಗೇ ಕೂಡಿಸಿದ್ದರು, ಇದಕ್ಕಾದರೂ ಪೂಜೆಯಾಗಲಿ ಅನಿಸಿತು. ಪ್ರೊಸೆಸರ್ ಕೂರುವ ಜಾಗದಲ್ಲಿ ಕೂದಲೆಳೆಯಂಥ ಸಾವಿರಾರು ಪಿನ್ನುಗಳಿರುತ್ತವೆ. ಅವುಗಳ ಮೇಲೆ ಭಕ್ತಿಯಿಂದ ಒಂದು ಚಿಟಿಕೆ ಉದುರಿಸಿ, ಪ್ರೊಸೆಸರ್ ಕೂಡಿಸಿ, ಫ್ಯಾನ್ ಬಿಗಿದು ಕೈಮುಗಿದೆ.

ಸರ್ ಬಂದು ಯಂತ್ರ ಹಚ್ಚಿದರು. ನಿನ್ನಲ್ಲಿ ಎಷ್ಟು ಪ್ರೊಸೆಸರ್ ಇವೆ ಎಂದು ಅದನ್ನೇ ಕೇಳುವ ಆಜ್ಞೆಯೊಂದಿದೆ. ಕೇಳಿದರು. ಒಂದು ಎಂದಿತು. ಆರಿಸಿ ಮತ್ತೆ ಹಚ್ಚಿ ಕೇಳಿದರು, ಮತ್ತೆ ಒಂದು. ಅಷ್ಟರಲ್ಲಿ ಹೊರಗೆ ಅಧ್ಯಕ್ಷರ ಕಾರಿನ ಹಾರ್ನ್ ಕೇಳಿಸಿತು.

ಸರ್ ಹನ್ನೆರಡು ಪರದೆಗಳ ಮುಂದೆ ಕೂತಿದ್ದ ವಿದ್ಯಾರ್ಥಿಗಳ ಕಡೆ ತಿರುಗಿ, "ಯಾರೂ ಫೋಟೋ ಗೀಟೋ ಓಪನ್ ಮಾಡಬ್ಯಾಡ್ರಿ, ಮಷಿನ್ನಿಗೆ ಭಾರ ಆಗ್ತೈತಿ. ನಿಮ್ಮ ನಿಮ್ಮ ಹೆಸರು ಟೈಪ್ ಮಾಡ್ಕೋತ ಕುಂದ್ರಿ. ಮೆತ್ತಗ" ಎಂದರು. ಅಧ್ಯಕ್ಷರು ಬಂದಾಗ ಹನ್ನೆರಡೂ ಪರದೆಗಳ ಮೇಲೆ ಹೆಸರುಗಳು ಒಂದೊಂದೇ ಅಕ್ಷರವಾಗಿ ಮೂಡುತ್ತಿದ್ದವು. ಅವರು ಟ್ರಂಕಿನೊಳಗೆ ಬಗ್ಗಿ ನೋಡಿದರು.

"ಎರಡು ಅದಾವಂದ್ರಲ್ಲ, ಎರಡೂ ದುಡಿಯಾಕತ್ತಾವೇನು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಸರ್ ಒಂದು ಗಳಿಗೆ ತಡವರಿಸಿದರು. "ಒಂದು ದುಡಿತೈತ್ರಿ. ಇನ್ನೊಂದು ನಿಮ್ಮ ಮಿಲ್ಲಿನಾಗ ಒಂದು ಮೋಟರ್ ಸುಮ್ಮನ ಕುಂತಿರ್ತೈತಲ್ರಿ, ಹಂಗ."

"ಶಾಣ್ಯಾ ಕೆಲಸ ಮಾಡೀರಿ. ಒಂದ ಮೋಟರ್ ನಂಬಬಾರದು" ಎಂದು ಅಧ್ಯಕ್ಷರು ಸಂತೋಷದಿಂದ ತಲೆಯಾಡಿಸಿದರು. ಲ್ಯಾಬ್ ಉಳಿಯಿತು. ಅವರು ಹೋದ ಮೇಲೆ ಸರ್ ಒಂದು ಬಾಟಲಿ ನೀರು ಪೂರ್ತಿ ಕುಡಿದರು.

ಆಮೇಲೆ ಎರಡನೇ ಪ್ರೊಸೆಸರ್ ಬಿಚ್ಚಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಪಿನ್ನುಗಳ ನಡುವೆ ಸಿಕ್ಕಿಕೊಂಡದ್ದು ನನ್ನ ಕುಂಕುಮವೇ ಎಂದು ಹೊಳೆದು, ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿದೆ. "ಈ ಊರಿನ ಕೆಂಪು ಅದಿರು ಧೂಳು ನೋಡ್ರಿ ಮೇಡಂ, ಎಲ್ಲಿ ಬೇಕಾದಲ್ಲಿ ಹೊಕ್ಕೊಂತೈತಿ" ಎಂದರು. "ಹೌದ್ರಿ ಸರ್, ಭಾಳ ಧೂಳು" ಎಂದೆ ನಾನು, ನಾಚಿಕೆಯಿಲ್ಲದೆ. ಅವರು ಮೆತ್ತನೆಯ ಬ್ರಷ್ಷಿನಿಂದ ಸ್ಪಿರಿಟ್ ಹಚ್ಚಿ ಹಚ್ಚಿ ತೊಳೆದರು. ಸಂಜೆ ಯಂತ್ರ ಎರಡು ಎಂದಿತು.

ನಿಜ ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೆ... ವರ್ಷಗಳು ಹಾಗೇ ಹೋದವು.

ಹೋದ ವರ್ಷ ಸರ್ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಚೋರನೂರಿಗೆ ಹೋದಾಗ ಅವರ ಹೆಂಡತಿ ನನ್ನನ್ನು ನೋಡಿ, "ಮಷಿನ್ನಿಗೆ ಕುಂಕುಮ ಹಾಕಿದ ಮೇಡಂ ನೀವ ಏನ್ರಿ?" ಎಂದರು.

"ಅಂದ್ರ... ಸರ್‌ಗೆ ಗೊತ್ತಿತ್ತೇನ್ರಿ?"

"ಅವತ್ತ ಗೊತ್ತಾಗಿತ್ರಿ. ಮನಿಗೆ ಬಂದು ನಕ್ಕಿದ್ದ ನಕ್ಕಿದ್ದು. ಹೇಳಿದ್ರ ಆ ಮೇಡಂ ಇನ್ನೊಮ್ಮೆ ಮಷಿನ್ ಮುಟ್ಟಂಗಿಲ್ಲ, ಅದಕ್ಕ ಧೂಳು ಅಂದೆ, ಅಂದ್ರು."

ಸಾವಿನ ಮನೆಯಲ್ಲಿ ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಈಗ ಆ ಲ್ಯಾಬನ್ನು ನಾನೇ ನಡೆಸುತ್ತೇನೆ. ಯಾವ ಯಂತ್ರವನ್ನಾದರೂ ಹೆದರದೆ ಬಿಚ್ಚುತ್ತೇನೆ. ಹೋದ ವಾರ ಪ್ಲಗ್ ತಪ್ಪಾಗಿ ಹಾಕಿ ಒಂದು ಬೋರ್ಡ್ ಸುಟ್ಟೆ. ತಪ್ಪು ನನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡೆ. ಸರ್ ಇದ್ದಿದ್ದರೆ ಧೂಳು ಎನ್ನುತ್ತಿದ್ದರು.